ಓಟಿನ ಮಿಷನ್ ಯಾರದ್ದು, ಚಿಕ್ಕಪ್ಪ?

ಚಿಕ್ಕಪ್ಪ, ಬೆಳಿಗ್ಗೆ ನೀವು ಗ್ರೂಪಿಗೆ ಹಾಕಿದ ವಿಡಿಯೋ ಪೂರ್ತಿ ನೋಡಿದೆ. ಅಮೆರಿಕದಲ್ಲಿ ಓಟಿನ ಮಿಷನ್ ಎಲ್ಲ ಪ್ರೈವೇಟ್ ಕಂಪನಿಗಳದ್ದು, ನಮ್ಮಲ್ಲೂ ಹಾಗೇ ಅಂತ ಇದೆ. ಮೊದಲನೇ ಮಾತು ಹೆಚ್ಚುಕಡಿಮೆ ನಿಜ. ಎರಡನೇದು ಸುಳ್ಳು. ಮಳೆಗೆ ಕರೆಂಟ್ ಹೋಗಿದೆ, ಫೋನಲ್ಲಿ ಚಾರ್ಜ್ ಇರುವಷ್ಟು ಹೊತ್ತು ಹೇಳುತ್ತೇನೆ.

ನಮ್ಮ ಮಿಷನ್ ಮಾಡುವುದು ಬೆಂಗಳೂರಿನ ಬಿಇಎಲ್, ಹೈದರಾಬಾದಿನ ಇಸಿಐಎಲ್. ಎರಡೂ ಸರ್ಕಾರಿ ಕಂಪನಿಗಳು.

ಅಮೆರಿಕದ್ದು ಕೇಳಿ. 2006ರಲ್ಲಿ ಫ್ಲಾರಿಡಾದ ಸಾರಸೋಟ ಅನ್ನುವ ಕಡೆ, ಬೂತಿಗೆ ಬಂದ ಸುಮಾರು 18,000 ಜನರ ಓಟು ಸಂಸತ್ತಿನ ಸೀಟಿಗೆ ದಾಖಲೇ ಆಗಲಿಲ್ಲ. ಗೆದ್ದ ಅಂತರ ಬರೀ 369! ಸೋತ ಹೆಂಗಸು ಮಿಷನ್ನಿನ ಪ್ರೋಗ್ರಾಂ ನೋಡಬೇಕು ಅಂತ ಕೋರ್ಟಿಗೆ ಹೋದರು. ಅದು ನಮ್ಮ ವ್ಯಾಪಾರದ ಗುಟ್ಟು ಅಂತ ಮಿಷನ್ ಮಾಡಿದ ಕಂಪನಿ ಹೇಳಿತು. ಕೋರ್ಟೂ ತೋರಿಸಿ ಅನ್ನಲಿಲ್ಲ. ಆಮೇಲೆ ಸರ್ಕಾರದವರು ಪರೀಕ್ಷೆ ಮಾಡಿ ಮಿಷನ್ನಲ್ಲಿ ದೋಷ ಸಿಗಲಿಲ್ಲ ಅಂದರು. ಇರಬಹುದು. ಆದರೆ ಮತ್ತೆ ಎಣಿಸಿ ನೋಡಲು ಒಂದು ಚೀಟಿಯೂ ಇರಲಿಲ್ಲ.

ನಾವು ವ್ಯಾಪಾರಿ ಹತ್ತಿರ ಚೆರಿ ಕಾಫಿ (ಒಣಗಿಸಿದ ಕಾಫಿ ಹಣ್ಣು) ಹಾಕಲು ಹೋದದ್ದು ನೆನಪಿದೆಯಲ್ಲ? ತೂಕದ ಮಿಷನ್ ಅವರದ್ದು, ಮಾಯಿಶ್ಚರ್ ಮೀಟರ್ ಅವರದ್ದು, ಔಟ್‌ಟರ್ನ್, ಅಂದರೆ ಚೀಲದಲ್ಲಿ ಎಷ್ಟು ಬೀಜ ಬರುತ್ತದೆ ಅಂತ, ಹೇಳುವವರೂ ಅವರೇ. ಇನ್ನೊಂದು ಸಲ ತೋರಿಸಿ ಅಂದಿದ್ದಕ್ಕೆ 'ನಂಬಿಕೆ ಇಲ್ವಾ' ಅಂದರು. ನೀವು ಸುಮ್ನೆ ಚೀಲ ವಾಪಸ್ ಜೀಪಿಗೆ ಹಾಕಿಸಿದಿರಿ. ಓಟನ್ನು ಹಾಗೆ ವಾಪಸ್ ತರಲು ಆಗುವುದಿಲ್ಲ, ಅಲ್ವಾ?

2020ರ ಅಮೆರಿಕದ ಚುನಾವಣೆಯಲ್ಲಿ ಮಿಷನ್ ಮಾಡುವ ಡೊಮಿನಿಯನ್ ಅನ್ನುವ ಕಂಪನಿ ಮೇಲೆ ಮೋಸದ ಕೂಗೆದ್ದಿತು. ಆದರೆ ಜಾರ್ಜಿಯಾ ರಾಜ್ಯದಲ್ಲಿ ಕಾಗದ ಇತ್ತು. ಸುಮಾರು 50 ಲಕ್ಷ ಓಟು ಕೈಯಲ್ಲೇ ಎಣಿಸಿದರು, ಗೆದ್ದವರು ಬದಲಾಗಲಿಲ್ಲ. ಆ ಸುಳ್ಳನ್ನು ಹರಡಿದ ಫಾಕ್ಸ್ ಚಾನೆಲ್, ಡೊಮಿನಿಯನ್‌ಗೆ 78.75 ಕೋಟಿ ಡಾಲರ್ ಕೊಟ್ಟು ಕೇಸು ಮುಗಿಸಿಕೊಂಡಿತು. ಜರ್ಮನಿಯವರ ಮಾತು ನನಗೆ ಜಾಸ್ತಿ ಹಿಡಿಸಿತು. ಓಟಿನ ಎಣಿಕೆ ಸರಿಯಿದೆಯಾ ಅಂತ ಎಂಜಿನಿಯರ್ ಅಲ್ಲದವರಿಗೂ ನೋಡಿ ತಿಳಿಯಬೇಕು ಅಂತ 2009ರಲ್ಲಿ ಅಲ್ಲಿನ ಕೋರ್ಟ್ ಹೇಳಿತು. ಆಗ ಬಳಸುತ್ತಿದ್ದ ಮಿಷನ್ ಅಲ್ಲಿಗೆ ನಿಂತಿತು.

ಇನ್ನು ನಮ್ಮದು. 2024ರ ಏಪ್ರಿಲ್ 26ಕ್ಕೆ ನನಗೆ ಪೊನ್ನಂಪೇಟೆ ಕಡೆ ಬೂತ್ ಡ್ಯೂಟಿ ಬಿದ್ದಿತ್ತಲ್ಲ. ಬೆಳಿಗ್ಗೆ ಐದೂವರೆಗೇ ಅಭ್ಯರ್ಥಿಗಳ ಏಜೆಂಟರ ಎದುರು ಅಣಕು ಮತದಾನ. ಕಡಿಮೆ ಅಂದರೂ 50 ಓಟು ಒತ್ತಿ, ಮಿಷನ್ ಲೆಕ್ಕ, ಪ್ರತಿ ಓಟಿಗೂ ಪ್ರಿಂಟಾಗಿ ಬೀಳುವ ವಿವಿಪ್ಯಾಟ್ ಚೀಟಿ ಲೆಕ್ಕ ತಾಳೆ ನೋಡಿ, ಅಳಿಸಿ, ಸೀಲ್ ಹಾಕಿದೆವು. ಒಬ್ಬ ಏಜೆಂಟ್ ನಿದ್ದೆಗಣ್ಣಲ್ಲೇ ಸಹಿ ಹಾಕಿದ, ಅದು ಬೇರೆ ಮಾತು. ಸಂಜೆ ಬೂತಲ್ಲಿ ಎಷ್ಟು ಓಟು ಬಿತ್ತು ಅನ್ನುವ ಲೆಕ್ಕದ 17ಸಿ ಫಾರಂ ಕಾಪಿಯನ್ನೂ ಏಜೆಂಟರಿಗೆ ಕೊಟ್ಟೆವು. ಅದೇ ದಿನ ಸುಪ್ರೀಂ ಕೋರ್ಟ್ ಎಲ್ಲ ಚೀಟಿ ಎಣಿಸಬೇಕು ಅನ್ನುವ ಅರ್ಜಿ ತಳ್ಳಿಹಾಕಿತು. ಹಾಗಾಗಿ ಒಂದು ವಿಧಾನಸಭಾ ಕ್ಷೇತ್ರಕ್ಕೆ 5 ಬೂತಿನ ಚೀಟಿ ಮಾತ್ರ ತಾಳೆ ನೋಡುತ್ತಾರೆ. ಮಡಿಕೇರಿಗೆ 5, ವಿರಾಜಪೇಟೆಗೆ 5. ನನ್ನ ಕೇಳಿದರೆ ಸಾಲದು. ಕೇಳುವುದಿದ್ದರೆ ಇದನ್ನು ಕೇಳಿ ಚಿಕ್ಕಪ್ಪ, ನಾನೂ ಜೊತೆಗಿರುತ್ತೇನೆ.

ವಿಡಿಯೋ ಮಾತ್ರ ಅಳಿಸಿಬಿಡಿ. ನಮ್ಮ ಭಾವ ಆಗಲೇ ಅದನ್ನು ಸಂಘದ ಗ್ರೂಪಿಗೆ ಕಳಿಸಿದ್ದಾರೆ, ಅವರಿಗೂ ಒಂದು ಮಾತು ಹೇಳಿ. ಚಾರ್ಜ್ 4 ಪರ್ಸೆಂಟ್ ಇದೆ, ಇಡುತ್ತೇನೆ.