ಸಹಾಯ ಬೇಕು: ರಿಫ್ಟ್ ಕಣಿವೆಯ ತಳದಲ್ಲಿ ಮೊಹೊ ಸಿಗುತ್ತಿಲ್ಲ

ನಮಸ್ಕಾರ. ದೂರದ ಭೂಕಂಪಗಳ ದಾಖಲೆಯಿಂದ ರಿಫ್ಟ್ ಕಣಿವೆಯೊಂದರ (ಭೂಮಿಯ ಹೊರಪದರ ಎಳೆದು ಸೀಳಿ ಕುಸಿದ ಜಾಗ) ಕೆಳಗೆ ಮೊಹೊ, ಅಂದರೆ ಹೊರಪದರ ಮುಗಿದು ಮ್ಯಾಂಟಲ್ ಶುರುವಾಗುವ ಗಡಿ, ಎಷ್ಟು ಆಳದಲ್ಲಿದೆ ಅಂತ ನೋಡುತ್ತಿದ್ದೇನೆ. 30ರಿಂದ 90 ಡಿಗ್ರಿ ದೂರದ, 5.5ಕ್ಕಿಂತ ದೊಡ್ಡ ಭೂಕಂಪಗಳನ್ನಷ್ಟೇ ಆರಿಸಿದ್ದೇನೆ.

ಅಂಚಿನ ಸ್ಟೇಷನ್‌ಗಳು ಚೆನ್ನಾಗಿವೆ. ಭೂಕಂಪದ ವೇಗದ ಪಿ ಅಲೆ ಮೊಹೊದಲ್ಲಿ ನಿಧಾನದ ಎಸ್ ಅಲೆಯಾಗಿ ಬದಲಾಗಿ, ನೇರ ಪಿ ಬಂದ ಐದು ಸೆಕೆಂಡಿನ ಆಸುಪಾಸಿನಲ್ಲಿ ಬರುವುದು ರಿಸೀವರ್ ಫಂಕ್ಷನ್‌ನಲ್ಲಿ (ಸ್ಟೇಷನ್ ಕೆಳಗಿನ ಪದರಗಳ ಗುರುತನ್ನು ದಾಖಲೆಯಿಂದ ಬೇರ್ಪಡಿಸಿದ ಗೆರೆ) ಎದ್ದು ಕಾಣುತ್ತದೆ. ತಳದ ಸ್ಟೇಷನ್‌ಗಳದ್ದೇ ತಲೆನೋವು. ಅಲ್ಲಿ ಮೊದಲ ಶಿಖರವೇ ಸೊನ್ನೆಯಿಂದ ಅರ್ಧ ಸೆಕೆಂಡ್ ಜರುಗಿದೆ. ಆಮೇಲೆ ಬರೀ ಏರಿಳಿತ. ಮೇಲಿನ ಮೆದು ಹೂಳಿನ ಪದರದಲ್ಲಿ ಅಲೆ ಪುಟಿಯುತ್ತಿರಬೇಕು, ಅಲ್ವಾ?

ಮೊಹೊ ಆಳ ಮತ್ತು ಪಿ-ಎಸ್ ವೇಗಗಳ ಅನುಪಾತ ಎರಡನ್ನೂ ಒಟ್ಟಿಗೆ ಹುಡುಕುವ ಎಚ್-ಕಪ್ಪಾ ಸ್ಟ್ಯಾಕಿಂಗ್ ಮಾಡಿದರೆ ಎರಡು ಉತ್ತರ ಬರುತ್ತವೆ. 28 ಕಿ.ಮೀ. ಆಳಕ್ಕೆ ಪಿ-ಎಸ್ ವೇಗಗಳ ಅನುಪಾತ 2.0, ಇಲ್ಲವೇ 37 ಕಿ.ಮೀ.ಗೆ 1.75. ಎರಡರಲ್ಲೂ ಮೊಹೊದಲ್ಲಿ ಬದಲಾದ ಅಲೆ ಸುಮಾರು 4.6 ಸೆಕೆಂಡಿಗೇ ಬರಬೇಕು, ಕರ್ಮ! ಕೆಳಗೆ ಕರಗಿದ ಶಿಲೆ ಇದ್ದರೆ 2.0 ಆಗಬಹುದು. ಆದರೆ ಸುಮ್ನೆ ನಂಬಲು ಧೈರ್ಯ ಸಾಲದು.

ಹೂಳಿನ ಪ್ರತಿಧ್ವನಿ ತೆಗೆಯುವ ಫಿಲ್ಟರ್ ಬಳಸಿದವರು ಯಾರಾದರೂ ಇದ್ದೀರಾ? ಅದರ ಜೊತೆ ಮೊಹೊ ಸಿಗ್ನಲ್ಲೂ ಹೋಗಿಬಿಡುತ್ತದಾ? ಅಥವಾ ಎಸ್ ರಿಸೀವರ್ ಫಂಕ್ಷನ್‌ಗೆ (ಎಸ್ ಅಲೆ ಪಿ ಆಗಿ ಬದಲಾಗುವುದನ್ನು ನೋಡುವ ವಿಧಾನ) ಹೋಗಲೇ? ಅದರಲ್ಲಿ ಪ್ರತಿಧ್ವನಿಯ ಕಾಟ ಇಲ್ಲ, ಆದರೆ ಚಿತ್ರ ಮಸುಕು, ಗದ್ದಲವೂ ಜಾಸ್ತಿ. ಮಾಡಿ ನೋಡಿದವರು ದಯವಿಟ್ಟು ತಿಳಿಸಿ. ಬೇಕಿದ್ದರೆ ಒಂದೆರಡು ಸ್ಟೇಷನ್‌ಗಳ ಚಿತ್ರ ಹಾಕುತ್ತೇನೆ.