ಮುತ್ಯಾನ ತಲವಾರ್ ಗಿಡ್ಡ ಮಾಡಿದ್ದಾ? ಹೇಗೆ ಗೊತ್ತಾಗುತ್ತೆ?

ಹುಮನಾಬಾದ್‌ನವ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಮುತ್ಯಾನ ಕಾಲದ ತಲವಾರ್ ಇದೆ. ಬಾಗಿದ ಅಲಗು, ಹಿಡಿಯ ತುದಿಗೆ ದುಂಡನೆ ಬಿಲ್ಲೆ. ಅಲಗು 23 ಇಂಚು, ಒರೆ ಮಾತ್ರ 30 ಇಂಚು. ಮೊನ್ನೆ ಹಳೆ ಸಾಮಾನು ಕೊಳ್ಳುವವರೊಬ್ಬರು ಬಂದು, ಇದು ಕತ್ತರಿಸಿದ ಮಾಲು, ಹಿಡಿ ಮೇಲಿನ ಬಿದ್ರಿ ಕೆಲಸಕ್ಕಷ್ಟೇ ದುಡ್ಡು ಅಂದರು. ಮಾರುವುದಿಲ್ಲ, ಆದರೆ ನಿಜ ತಿಳಿಯಬೇಕು. ಹಿಡಿ ಬಿಚ್ಚಿ ನೋಡಲಾ?

ಕೋಟೆ ಓಣಿ, ಬೀದರ್:
ಹಿಡಿ ಬಿಚ್ಚಲೇಬೇಡಿ ತಮ್ಮ. ಒಳಗೆ ಅರಗು ತುಂಬಿ ಕೂರಿಸಿರುತ್ತಾರೆ. ಅದು ಬಿಡಲಿ ಅಂತ ಗ್ಯಾಸ್ ಒಲೆ ಮೇಲೆ ಕಾಯಿಸಿದರೆ ಅಲಗಿನ ಹದವೇ ಹೋಗುತ್ತದೆ.

ಒರೆಯ ಅಳತೆ ನಂಬಬೇಡಿ. ಕಟ್ಟಿಗೆ, ಚರ್ಮ ಬೇಗ ಹಾಳಾಗುತ್ತವೆ, ಆಗ ಇನ್ನೊಂದರ ಒರೆ ತಂದು ಹಾಕಿಬಿಡುತ್ತಾರೆ. ತಲವಾರ್ ಅಲಗು ಜಾಸ್ತಿ ಪಾಲು 28ರಿಂದ 32 ಇಂಚು ಇರುತ್ತದೆ ಅನ್ನುವುದು ಸರಿ. ಆದರೆ ಹುಡುಗರಿಗೆ ಅಂತಲೇ ಮಾಡಿದ ಗಿಡ್ಡ ಕತ್ತಿಗಳೂ ಇವೆ, ಅವುಗಳ ಹಿಡಿಯೂ ಸಣ್ಣದು. ನಿಮ್ಮ ಮುಷ್ಟಿ ಆ ಹಿಡಿಯಲ್ಲಿ ಸರಿಯಾಗಿ ಕೂರುತ್ತಾ ನೋಡಿ.

ಆಮೇಲೆ ವರ್ನಿಯರ್ ಹಿಡಿದು ಅಲಗಿನ ಬೆನ್ನಿನ ದಪ್ಪ ಅಳೆಯಿರಿ, ಬುಡದಲ್ಲಿ, ನಡುವೆ, ಮೊನೆಯ ಹತ್ತಿರ. ಮೊದಲಿನ ಅಲಗಾದರೆ ಮೊನೆಯ ಕಡೆ ಹೋಗ್ತಾ ಹೋಗ್ತಾ ತೆಳ್ಳಗಾಗಬೇಕು. ಮೊನೆಯಲ್ಲೂ ದಪ್ಪಗಿದ್ದರೆ ತೆಳ್ಳನೆ ಭಾಗ ಹೋಗಿದೆ ಅಂತಲೇ. ಬುಡದಲ್ಲಿ ಎರಡು ಬೆರಳಗಲ ಬಾಯಿಗೆ ಸಾಣೆ ಹಿಡಿಯದೆ ಬಿಟ್ಟಿರುವುದು ನಮ್ಮ ಕಡೆಯ ತಲವಾರ್‌ಗಳಲ್ಲಿ ಸಾಮಾನ್ಯ. ಅದು ಇಲ್ಲದೆ ಹರಿತವಾದ ಬಾಯಿ ನೇರ ಹಿಡಿಯೊಳಗೆ ಹೋಗಿದ್ದರೆ, ಬುಡ ತೆಗೆದು ಮತ್ತೆ ಕೂರಿಸಿದ್ದಾರೆ ಅಂತ ಅನುಮಾನ ಪಡಬಹುದು.

ಇನ್ನೊಂದು ಮಾತು. ಬೆಳ್ಳಿ ಗೆರೆ ಕಂಡದ್ದೆಲ್ಲ ಬಿದ್ರಿ ಅಲ್ಲ. ಬಿದ್ರಿ ಅಂದರೆ ಸತು, ತಾಮ್ರ ಸೇರಿಸಿ ಎರಕ ಹೊಯ್ದದ್ದು. ಅದಕ್ಕೆ ಅಯಸ್ಕಾಂತ ಹಿಡಿಯುವುದಿಲ್ಲ. ಹಿಡಿದರೆ ಅದು ಕಬ್ಬಿಣದ ಮೇಲೆ ಬೆಳ್ಳಿ ಬಡಿದ ಕೆಲಸ.

ಶಹಾಬಾದ್ ಅಣ್ಣ:
ಅಲಗಿನ ಉದ್ದಕ್ಕೂ ತೋಡು ಕೊರೆದಿದೆಯಾ? ಇದ್ದರೆ ಅದು ಎಲ್ಲಿ ನಿಲ್ಲುತ್ತದೆ? ಮೊನೆಗಿಂತ ಮೊದಲೇ ಮೆಲ್ಲಗೆ ಮುಗಿಯಬೇಕು. ಬಾಯಿಯ ಕಡೆ ಅಗಲ ಕಡಿಮೆಯಾಗಿ ತೋಡು ಬಾಯಿಗೆ ಹತ್ತಿರ ಬಂದಂತೆ ಕಂಡರೆ, ಅದು ತುಂಬಾ ಸಲ ಸಾಣೆ ಹಿಡಿದು ಸವೆದದ್ದು. ಅದಕ್ಕೂ ಕತ್ತರಿಸಿದ್ದಕ್ಕೂ ಸಂಬಂಧ ಇಲ್ಲ.

ಆಯುಧ ಪೂಜೆಗೆ ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ ಉಜ್ಜುತ್ತೀರಾ? ದಯವಿಟ್ಟು ನಿಲ್ಲಿಸಿ. ಉಕ್ಕಿನಲ್ಲಿ ಜೌಹರ್, ಅಂದರೆ ನೀರಿನ ಸುಳಿಯಂಥ ಗೆರೆ, ಇದ್ದರೆ ಉಜ್ಜಿದಷ್ಟೂ ಮರೆಯಾಗುತ್ತದೆ. ಅಂಥ ಉಕ್ಕು ನಮ್ಮ ಪಕ್ಕದ ತೆಲಂಗಾಣದ ಕೋನಸಮುದ್ರಂನಲ್ಲೇ ತಯಾರಾಗುತ್ತಿತ್ತು, ಪರ್ಷಿಯಾದ ವ್ಯಾಪಾರಿಗಳು ಅಲ್ಲಿವರೆಗೆ ಬಂದು ಕೊಳ್ಳುತ್ತಿದ್ದರು. ಗೆರೆ ಉಳಿದಿದ್ದರೆ ಮೊನೆಯನ್ನು ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿ. ಸುಮ್ನೆ ಕತ್ತರಿಸಿ ಅರದಿಂದ ಉಜ್ಜಿದ್ದಾದರೆ ಗೆರೆ ಕೊನೆಯ ಅಂಚಿನವರೆಗೂ ಓಡುತ್ತದೆ. ಕೆಂಪಗೆ ಕಾಯಿಸಿ ಬಡಿದಿದ್ದರೆ ಆ ಭಾಗದಲ್ಲಿ ಮಸುಕಾಗಿರುವುದೇ ಜಾಸ್ತಿ.

ಹುಮನಾಬಾದ್‌ನವ:
ನೋಡಿದೆ. ಅಯಸ್ಕಾಂತ ಗಟ್ಟಿಯಾಗಿ ಹಿಡಿಯಿತು, ಬಿದ್ರಿ ಅಲ್ಲ! ಹಿಡಿ ದೊಡ್ಡವರ ಕೈಗೆ ಸರಿಯಾಗಿದೆ. ಬುಡದಲ್ಲಿ ಮೊಂಡು ಭಾಗ ಇದೆ. ದಪ್ಪ ಬುಡದಲ್ಲಿ 6 ಮಿ.ಮೀ., ಮೊನೆಯ ಹತ್ತಿರ ಇನ್ನೂ 4. ಎರಡು ತೋಡುಗಳಿವೆ, ಎರಡೂ ಮೊನೆಯ ಅಂಚಿಗೆ ಬಂದು ಹಾಗೇ ತುಂಡಾಗಿವೆ. ಜೌಹರ್ ಏನೂ ಕಾಣಿಸಲಿಲ್ಲ.

ಕೋಟೆ ಓಣಿ, ಬೀದರ್:
ಹಾಗಾದರೆ ಮೊನೆಯ ಕಡೆಯಿಂದಲೇ ಗಿಡ್ಡ ಮಾಡಿದ್ದಾರೆ. ಕಳೆದದ್ದು ಎಷ್ಟು ಅಂತ ಒರೆ ನೋಡಿ ಹೇಳಲಾಗದು. ಈಗ ಮೊನೆಯ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಅರದ ಗೀರುಗಳು ಬೆಳ್ಳಗೆ ಹೊಳೆಯುತ್ತಿದ್ದರೆ ಇತ್ತೀಚಿನದು. ಅಲಗಿನ ಉಳಿದ ಭಾಗದಷ್ಟೇ ಕಪ್ಪಾಗಿದ್ದು, ಅದೇ ಸಣ್ಣ ತುಕ್ಕಿನ ಕುಳಿಗಳು ಅಲ್ಲೂ ಇದ್ದರೆ ಹಳೆಯ ಕೆಲಸ. ಹಾಗಿದ್ದರೆ ಅದನ್ನು ಕೆಟ್ಟ ಮಾಲು ಅನ್ನುವವರ ಮಾತು ಕೇಳಬೇಡಿ. ಮೊನೆ ಮುರಿದ ಕತ್ತಿಯನ್ನು ಎಸೆಯದೆ ಹೊಸ ಮೊನೆ ಮಾಡಿ ಬಳಸುತ್ತಿದ್ದರು.

ಅಲಗಿಗೆ ತೆಳ್ಳಗೆ ಹೊಲಿಗೆ ಮಷಿನ್ ಎಣ್ಣೆ ಒರೆಸಿ ಇಡಿ. ಮಳೆಗಾಲದಲ್ಲಿ ಒರೆಯೊಳಗೆ ಹಾಕಬೇಡಿ, ಕಟ್ಟಿಗೆ ತೇವ ಹಿಡಿದು ಒಳಗೇ ತುಕ್ಕು ಹಬ್ಬುತ್ತದೆ.