ಡಿಸೈನ್ ಓದುವವರು ನಕ್ಷೆ ಮಾಡಲು ಕಲಿಯುವುದು ಎಲ್ಲಿಂದ? ಅನುಭವ ಹಂಚಿಕೊಳ್ಳಿ

ಪ್ರಶ್ನೆ
ವಿಷುಯಲ್ ಕಮ್ಯುನಿಕೇಶನ್, ಮೂರನೇ ಸೆಮಿಸ್ಟರ್. ನಾಲ್ಕು ವಾರದಲ್ಲಿ ಕರ್ನಾಟಕದ ಜಿಲ್ಲಾವಾರು ಸಾಕ್ಷರತೆಯ ಎ2 ಪೋಸ್ಟರ್ ಆಗಬೇಕು, ಹೆಸರೆಲ್ಲ ಕನ್ನಡದಲ್ಲಿ. ಇಲಸ್ಟ್ರೇಟರ್ ಬರುತ್ತೆ, ಕೋಡಿಂಗ್ ಬರಲ್ಲ. ಡಿ3, ಪೈಥಾನ್ ಕಲಿತೇ ಶುರು ಮಾಡಬೇಕಾ? ಕ್ಯುಜಿಐಎಸ್ (ನಕ್ಷೆ ಮಾಡುವ ಉಚಿತ ಸಾಫ್ಟ್‌ವೇರ್) ಹಾಕಿಕೊಂಡು ನೋಡಿದೆ, ವಿಜಯನಗರ ಜಿಲ್ಲೆ ಖಾಲಿ ಬರ್ತಿದೆ. ಗೊತ್ತಿರುವವರು ತಿಳಿಸಿ.

ಅಂಕಿಸಂಕಿ
ಪೋಸ್ಟರ್ ಮುಗಿಯುವ ತನಕ ಡಿ3, ಪೈಥಾನ್ ಎರಡೂ ಬೇಡ. ಕ್ಯುಜಿಐಎಸ್ ಮತ್ತು ಒಂದು ಸ್ಪ್ರೆಡ್‌ಶೀಟ್ ಸಾಕು. ಮೊದಲ ವಾರ ಪೂರ್ತಿ ಕೋಷ್ಟಕಕ್ಕೆ ಕೊಡಿ, ಬಣ್ಣದ ಕಡೆ ತಿರುಗಿಯೂ ನೋಡಬೇಡಿ.

ವಿಜಯನಗರ ಖಾಲಿ ಬರಲೇಬೇಕು. 2011ರ ಜನಗಣತಿಯಲ್ಲಿ ಇದ್ದದ್ದು 30 ಜಿಲ್ಲೆ, ವಿಜಯನಗರ ಬಳ್ಳಾರಿಯಿಂದ ಬೇರೆಯಾಗಿದ್ದು 2021ರಲ್ಲಿ. ಕಣ್ಣಿಗೆ ಬೀಳದ ಇನ್ನೊಂದು ತಪ್ಪು ಪಕ್ಕದಲ್ಲೇ ಇದೆ: ಈಗಿನ ಚಿಕ್ಕ ಬಳ್ಳಾರಿಯ ಮೇಲೆ ಹಳೆಯ ದೊಡ್ಡ ಬಳ್ಳಾರಿಯ ಅಂಕಿ ಕೂತಿದೆ. 2011ರ ಗಡಿಯನ್ನೇ ಬಳಸಿ, ಅದನ್ನು ಪೋಸ್ಟರಿನಲ್ಲಿ ಒಂದು ಸಾಲಿನಲ್ಲಿ ಹೇಳಿಬಿಡುವುದು ಸುಲಭದ ದಾರಿ. 31 ಜಿಲ್ಲೆಯೇ ಬೇಕೆಂದರೆ ತಾಲ್ಲೂಕು ಮಟ್ಟಕ್ಕೆ ಇಳಿಯಬೇಕು. ಹಳೆಯ ಬಳ್ಳಾರಿಯಿಂದ ಹೊಸಪೇಟೆ, ಹಗರಿಬೊಮ್ಮನಹಳ್ಳಿ, ಹಡಗಲಿ, ಕೂಡ್ಲಿಗಿ ತೆಗೆದುಕೊಳ್ಳಿ. ಹರಪನಹಳ್ಳಿಯನ್ನು ಮಾತ್ರ ದಾವಣಗೆರೆಯ ಪಟ್ಟಿಯಲ್ಲಿ ಹುಡುಕಿ, 2011ರಲ್ಲಿ ಅದು ಅಲ್ಲಿತ್ತು. ಆಗ ಹೊಸಪೇಟೆ ತಾಲ್ಲೂಕಿನೊಳಗಿದ್ದ ಕಂಪ್ಲಿ ಈಗ ಬಳ್ಳಾರಿಯಲ್ಲೇ ಇದೆ, ಅದನ್ನು ಹಳ್ಳಿವಾರು ಕಳೆಯಬೇಕು. ನಾಲ್ಕು ವಾರದಲ್ಲಿ ಇದಕ್ಕೆ ಕೈಹಾಕಬೇಡಿ ಅಂತಲೇ ಹೇಳುತ್ತೇನೆ.

ಯಾವ ಮಟ್ಟದಲ್ಲೇ ಆಗಲಿ, ಶೇಕಡಾವಾರು ಅಂಕಿಗಳ ಸರಾಸರಿ ತೆಗೆಯಬಾರದು. ಅಕ್ಷರಸ್ಥರನ್ನು ಕೂಡಿ, 7 ವರ್ಷ ಮೇಲ್ಪಟ್ಟವರ ಮೊತ್ತದಿಂದ ಭಾಗಿಸಿ. ಜನಗಣತಿಯ ಪ್ರಾಥಮಿಕ ಸಾರಾಂಶದ ಕಡತದಲ್ಲಿ ಒಟ್ಟು ಜನ, 0–6 ವಯಸ್ಸಿನವರು, ಅಕ್ಷರಸ್ಥರು ಎಂದು ಬೇರೆ ಬೇರೆ ಕಾಲಂ ಇರುತ್ತವೆ. ಇಡೀ ರಾಜ್ಯಕ್ಕೆ ಲೆಕ್ಕ ಹಾಕಿ ತಾಳೆ ನೋಡಿ: 4,06,47,322 ಅಕ್ಷರಸ್ಥರು, ಒಟ್ಟು 6,10,95,297 ಜನ, ಅದರಲ್ಲಿ 71,61,033 ಮಕ್ಕಳು. ಉತ್ತರ 75.36 ಬಂದರೆ ಸರಿ. 66.53 ಬಂತೆಂದರೆ ಮಕ್ಕಳನ್ನು ಕಳೆಯುವುದು ಮರೆತಿದ್ದೀರಿ.

ಆ ಕಡತದಲ್ಲಿ ಪ್ರತಿ ಜಿಲ್ಲೆಗೂ ಒಟ್ಟು, ಗ್ರಾಮೀಣ, ನಗರ ಎಂದು ಮೂರು ಸಾಲು ಇವೆ. ‘ಒಟ್ಟು’ ಮಾತ್ರ ಉಳಿಸಿಕೊಳ್ಳದಿದ್ದರೆ ಕೋಷ್ಟಕವನ್ನು ನಕ್ಷೆಗೆ ಜೋಡಿಸುವಾಗ (ಜಾಯಿನ್) ಮೂರರಲ್ಲಿ ಯಾವುದೋ ಒಂದು ಅಂಟಿಕೊಳ್ಳುತ್ತದೆ, ಕ್ಯುಜಿಐಎಸ್ ತಕರಾರೂ ಮಾಡುವುದಿಲ್ಲ.

ನಕ್ಷೆಗಾರ
ಜಾಯಿನ್ ಹೆಸರಿನ ಮೇಲೆ ಬೇಡ, ಜಿಲ್ಲೆಯ ಕೋಡ್ ಸಂಖ್ಯೆಯ ಮೇಲೆ ಮಾಡಿ. 2011ರ ಕಡತದಲ್ಲಿ ಗುಲ್ಬರ್ಗ, ಬಿಜಾಪುರ, ಬೆಳಗಾಂ ಎಂದಿದೆ, ಹೊಸ ಗಡಿ ಕಡತದಲ್ಲಿ ಕಲಬುರಗಿ, ವಿಜಯಪುರ, ಬೆಳಗಾವಿ. ಹೆಸರುಗಳನ್ನು ಅಂದಾಜಿಗೆ ಹೊಂದಿಸುವ ಟೂಲ್ ಕೊಟ್ಟರೆ ಅದು ವಿಜಯಪುರವನ್ನು ವಿಜಯನಗರಕ್ಕೆ ಕಟ್ಟಿದರೂ ಆಶ್ಚರ್ಯವಿಲ್ಲ. ಕರ್ನಾಟಕದ ಜಿಲ್ಲೆಗಳಿಗೆ ಜನಗಣತಿ ಕೋಡ್ 555ರಿಂದ 584ರ ತನಕ: 555 ಬೆಳಗಾವಿ, 584 ರಾಮನಗರ. ತಾಲ್ಲೂಕು ಕೋಡ್‌ಗಳು ಸೊನ್ನೆಯಿಂದ ಶುರುವಾಗುತ್ತವೆ. ಎಕ್ಸೆಲ್ ಆ ಸೊನ್ನೆಯನ್ನು ತಿಂದುಹಾಕುತ್ತದೆ, ಆ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿಟ್ಟುಕೊಳ್ಳಿ.

ಪ್ರೊಜೆಕ್ಷನ್ (ದುಂಡು ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ಬಗೆ): ಯುಟಿಎಂ 43 ಉತ್ತರ, ಕ್ಯುಜಿಐಎಸ್ ಪಟ್ಟಿಯಲ್ಲಿ ಅದರ ಕೋಡ್ ಇಪಿಎಸ್‌ಜಿ 32643. ಕೋಲಾರದ ಕಡೆ ಸ್ವಲ್ಪ ಭಾಗ 78 ಡಿಗ್ರಿ ರೇಖಾಂಶ ದಾಟಿ 44ನೇ ವಲಯಕ್ಕೆ ಹೋಗುತ್ತದೆ, ಪೋಸ್ಟರಿಗೆ ಅದೇನೂ ಅಡ್ಡಿಯಲ್ಲ. ವೆಬ್ ನಕ್ಷೆಗಳ ಪ್ರೊಜೆಕ್ಷನ್ 3857ರಲ್ಲೇ ಬಿಟ್ಟರೆ ವಿಸ್ತೀರ್ಣ ಚಾಮರಾಜನಗರದ ತುದಿಯಲ್ಲಿ ಶೇ 4ರಷ್ಟು, ಬೀದರಿನಲ್ಲಿ ಶೇ 11ರಷ್ಟು ಉಬ್ಬುತ್ತದೆ, ಸ್ಕೇಲ್ ಬಾರ್ ಸುಳ್ಳು ಹೇಳುತ್ತದೆ.

ಎ2 ಅಂದರೆ 420 × 594 ಮಿ.ಮೀ. ರಾಜ್ಯ ಉತ್ತರ–ದಕ್ಷಿಣ ಸುಮಾರು 750 ಕಿ.ಮೀ. 1:15,00,000 ಅಳತೆಯಲ್ಲಿ ಅದು 500 ಮಿ.ಮೀ. ಆಗಿ ಉದ್ದುದ್ದ ಹಾಳೆಯಲ್ಲಿ ಕೂರುತ್ತದೆ, ತಲೆಬರಹಕ್ಕೂ ಜಾಗ ಉಳಿಯುತ್ತದೆ. ಆ ಅಳತೆಯಲ್ಲಿ 0.2 ಮಿ.ಮೀ. ಗೆರೆಯೇ ನೆಲದ ಮೇಲೆ 300 ಮೀಟರ್. ಅದಕ್ಕಿಂತ ಸಣ್ಣ ಅಂಕುಡೊಂಕು ಇಟ್ಟುಕೊಂಡು ಇಲಸ್ಟ್ರೇಟರನ್ನು ಏದುಸಿರು ಬಿಡಿಸುವುದು ಯಾಕೆ? ಗಡಿ ಸರಳ ಮಾಡಲು ಮ್ಯಾಪ್‌ಶೇಪರ್ ಎಂಬ ವೆಬ್ ಟೂಲ್ ಬಳಸಿ. ಕ್ಯುಜಿಐಎಸ್‌ನ ಸಿಂಪ್ಲಿಫೈ ಒಂದೊಂದು ಜಿಲ್ಲೆಯನ್ನೂ ಬಿಡಿಯಾಗಿ ಕತ್ತರಿಸುವುದರಿಂದ ನಡುವೆ ಬಿರುಕು ಬೀಳುತ್ತದೆ. ಮ್ಯಾಪ್‌ಶೇಪರ್‌ನಲ್ಲಿ ಎರಡು ಜಿಲ್ಲೆ ಹಂಚಿಕೊಂಡ ಗಡಿ ಒಂದೇ ಗೆರೆಯಾಗಿ ಉಳಿಯುತ್ತದೆ. ಶೇಪ್‌ಫೈಲ್ ಎಂಬ ಗಡಿ ಕಡತದ ಎಸ್‌ಎಚ್‌ಪಿ, ಡಿಬಿಎಫ್, ಎಸ್‌ಎಚ್‌ಎಕ್ಸ್, ಪಿಆರ್‌ಜೆ ನಾಲ್ಕು ಭಾಗವನ್ನೂ ಅದಕ್ಕೆ ಒಟ್ಟಿಗೆ ಹಾಕಿ.

ಕನ್ನಡ ಹೆಸರಿದ್ದರೆ ಶೇಪ್‌ಫೈಲಿನಲ್ಲಿ ಉಳಿಸದೆ ಜಿಯೋಪ್ಯಾಕೇಜ್ ಎಂಬ ಇನ್ನೊಂದು ನಮೂನೆಯಲ್ಲಿ ಉಳಿಸಿ. ಯೂನಿಕೋಡ್ ಅಕ್ಷರ ಉಳಿಸುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ‘ಚಿಕ್ಕಬಳ್ಳಾಪುರ’ ಕಾಗುಣಿತ, ಒತ್ತು ಸೇರಿ 13 ಚಿಹ್ನೆ, 39 ಬೈಟ್. ಕಾಲಂ ಅಗಲ 30 ಬೈಟ್ ಇದ್ದರೆ ‘ಚಿಕ್ಕಬಳ್ಳಾ’ಗೆ ನಿಂತುಬಿಡುತ್ತದೆ.

ಬಣ್ಣದಪೆಟ್ಟಿಗೆ
ಅಂಕಿಗಳನ್ನು ಬಣ್ಣದ ತರಗತಿಗಳಾಗಿ ವಿಂಗಡಿಸುವುದನ್ನು ಸಾಫ್ಟ್‌ವೇರಿಗೆ ಬಿಡಬೇಡಿ. ಕ್ವಾಂಟೈಲ್ (ಪ್ರತಿ ತರಗತಿಗೂ ಅಷ್ಟಷ್ಟೇ ಜಿಲ್ಲೆ), 5 ತರಗತಿ ಅಂದರೆ ತಲಾ 6 ಜಿಲ್ಲೆ. ಮೇಲಿನ ಆರರಲ್ಲಿ ದಕ್ಷಿಣ ಕನ್ನಡ 88.57, ಕೊನೆಯದು ಶಿವಮೊಗ್ಗ 80.45. ಏಳನೆಯ ಧಾರವಾಡ 80.00. ಅರ್ಧ ಅಂಕವೂ ವ್ಯತ್ಯಾಸವಿಲ್ಲದ ಶಿವಮೊಗ್ಗ–ಧಾರವಾಡಕ್ಕೆ ಬೇರೆ ಬಣ್ಣ, 8 ಅಂಕ ದೂರದ ಶಿವಮೊಗ್ಗ–ದಕ್ಷಿಣ ಕನ್ನಡಕ್ಕೆ ಒಂದೇ ಬಣ್ಣ! ಕೈಯಾರೆ 55, 65, 75, 85 ಎಂದು ಕೊಡಿ. ಕೆಳಗೆ ಯಾದಗಿರಿ (51.83) ಒಂದೇ ಉಳಿಯುತ್ತದೆ, ಮೇಲೆ ದಕ್ಷಿಣ ಕನ್ನಡ, ಬೆಂಗಳೂರು ನಗರ, ಉಡುಪಿ. ಓದುವವರಿಗೂ ಅಂಕಿ ನೆನಪಿರುತ್ತದೆ.

ಮುಂದೆ ಜನಸಾಂದ್ರತೆಯ ನಕ್ಷೆ ಮಾಡಿದರೆ ಸಮಾನ ಅಂತರದ (ಅಂಕಿಯ ಹರವನ್ನು ಸಮನಾಗಿ ಕತ್ತರಿಸುವ) ವಿಂಗಡಣೆಯಂತೂ ಬೇಡವೇ ಬೇಡ. ಬೆಂಗಳೂರು ನಗರದ 4,381 (ಚ.ಕಿ.ಮೀ.ಗೆ ಜನ) ಒಂದೇ ಮೇಲಿನ ತರಗತಿಗೆ ಏರಿ, ಉಳಿದ 29 ಜಿಲ್ಲೆಯೂ ಒಂದೇ ಬಣ್ಣದಲ್ಲಿ ಮುಳುಗುತ್ತವೆ.

ನಕ್ಷೆಗೆ ಬಣ್ಣ ಆರಿಸಿಕೊಡುವ ಕಲರ್‌ಬ್ರೂವರ್ ತಾಣದ ಒಂದೇ ವರ್ಣದ ಸರಣಿ ತೆಗೆದುಕೊಳ್ಳಿ. ಅಂಕಿ ಇಲ್ಲದ ಜಾಗಕ್ಕೆ ಬಿಳಿ ಹಾಕಬೇಡಿ, ತೀರ ತಿಳಿ ಬಣ್ಣದ ತರಗತಿ ಎಂದೇ ಓದುತ್ತಾರೆ; ಓರೆಗೆರೆ ಹಾಕಿ. ಕ್ಯುಜಿಐಎಸ್‌ನ ವ್ಯೂ ಮೆನುವಿನಲ್ಲಿ ಪ್ರಿವ್ಯೂ ಮೋಡ್ ಇದೆ, ಕಪ್ಪು–ಬಿಳುಪಿನಲ್ಲೂ ಬಣ್ಣಗುರುಡಿನ ನೋಟದಲ್ಲೂ ಒಮ್ಮೆ ನೋಡಿ. ಪ್ರಿಂಟಿಗೆ ಕೊಡುವ ಮುಂಚೆ ಬಣ್ಣಪಟ್ಟಿಯನ್ನಷ್ಟೇ ಅದೇ ಕಾಗದದಲ್ಲಿ ತೆಗೆಸಿ. ತಿಳಿಯ ಎರಡು ಬಣ್ಣ ಒಂದಾಗುವುದು ಅಲ್ಲೇ ಗೊತ್ತಾಗುತ್ತದೆ.

ಒತ್ತಕ್ಷರ
ಅಕ್ಷರದ ವಿಷಯ ಯಾರೂ ಎತ್ತಲಿಲ್ಲ. ಕ್ಯುಜಿಐಎಸ್ ಲೇಔಟಿನಿಂದ ಎಸ್‌ವಿಜಿ (ವೆಕ್ಟರ್ ಚಿತ್ರದ ಕಡತ) ತೆಗೆಯುವಾಗ ಅಕ್ಷರವನ್ನು ‘ಟೆಕ್ಸ್ಟ್’ ಆಗಿ ಬಿಟ್ಟರೆ ಇಲಸ್ಟ್ರೇಟರಿನಲ್ಲಿ ‘ಹುಬ್ಬಳ್ಳಿ’ ‘ಹುಬ್‌ಬಳ್‌ಳಿ’ ಆಗಬಹುದು. ‘ಪಾತ್’ ಆಗಿ ತೆಗೆದರೆ ಆಕಾರ ಉಳಿಯುತ್ತದೆ, ತಿದ್ದಲು ಆಗುವುದಿಲ್ಲ. ಜಿಲ್ಲೆಗಳು 30 ಮಾತ್ರ, ಹೆಸರನ್ನು ಇಲಸ್ಟ್ರೇಟರಿನಲ್ಲೇ ಕೂರಿಸಿ. ಒತ್ತು ಸರಿಯಾಗಿ ಕೂರಲು ಮೊದಲು ಪ್ಯಾರಾಗ್ರಾಫ್ ಪ್ಯಾನೆಲಿನಲ್ಲಿ ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್ ಕಂಪೋಸರ್ ಆರಿಸಿ. ಇನ್‌ಡಿಸೈನ್ ಆದರೆ ವರ್ಲ್ಡ್-ರೆಡಿ ಕಂಪೋಸರ್. ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ ಎರಡೂ ಯೂನಿಕೋಡ್. ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ಪಟ್ಟಿ ಸಿಕ್ಕಿದರೆ ಯೂನಿಕೋಡಿಗೆ ಬದಲಿಸಿಯೇ ಮುಂದುವರಿಯಿರಿ.

ಎರಡು ಸಾಲಿನ ಹೆಸರಿಗೆ (ಚಿಕ್ಕ / ಬಳ್ಳಾಪುರ) ಸಾಲಿನ ಅಂತರ ಅಕ್ಷರದ ಅಳತೆಯ ಒಂದೂವರೆ ಪಟ್ಟು ಇರಲಿ, ಇಲ್ಲದಿದ್ದರೆ ಮೇಲಿನ ಒತ್ತು ಕೆಳಗಿನ ತಲೆಕಟ್ಟಿಗೆ ತಾಗುತ್ತದೆ. ಅಕ್ಷರದ ಸುತ್ತ ಕೊಡುವ ಬಿಳಿ ಅಂಚು 0.5 ಮಿ.ಮೀ. ಮೀರಿದರೆ ಒತ್ತಕ್ಷರದ ಸಂದಿಯೆಲ್ಲ ತುಂಬಿಕೊಂಡು ಬಿಳಿ ಬಳಿದಂತೆ ಕಾಣುತ್ತದೆ.

ಅಂಕಿಸಂಕಿ
ಇನ್ನೊಂದು. ಗಡಿಗಳನ್ನು ಸರ್ವೇ ಆಫ್ ಇಂಡಿಯಾದ ಆನ್‌ಲೈನ್ ಪೋರ್ಟಲಿನಿಂದಲೇ ತೆಗೆದುಕೊಳ್ಳಿ, ಜಿಲ್ಲೆಗಳು 2011ರಂತೆ 30 ಇವೆಯೇ ಎಂದು ನೋಡಿಕೊಳ್ಳಿ. ಮೂಲೆಯಲ್ಲಿ ಪುಟ್ಟ ಭಾರತದ ನಕ್ಷೆ ಹಾಕುವ ಯೋಚನೆ ಇದ್ದರೆ ನ್ಯಾಚುರಲ್ ಅರ್ಥ್ ಎಂಬ ಉಚಿತ ನಕ್ಷೆ ಸಂಗ್ರಹದ ಮಾಮೂಲಿ ಕಡತ ಬೇಡ, ಅದರಲ್ಲಿ ಕಾಶ್ಮೀರದ ಗಡಿ ನಿಯಂತ್ರಣ ರೇಖೆಯಂತೆ ಇದೆ. ಸರ್ವೇಗೆ ಹೊಂದದ ಭಾರತದ ನಕ್ಷೆ ಪ್ರಕಟಿಸುವುದು 1961ರ ಕ್ರಿಮಿನಲ್ ಕಾನೂನು ತಿದ್ದುಪಡಿ ಕಾಯ್ದೆಯಡಿ ಅಪರಾಧ. ನದಿ, ರಸ್ತೆ ಓಪನ್‌ಸ್ಟ್ರೀಟ್‌ಮ್ಯಾಪಿನಿಂದ ತಂದರೆ ಅದರ ಕೃಪೆ ಎಂದು ಕೆಳಗೆ 7 ಪಾಯಿಂಟಿನಲ್ಲಾದರೂ ಬರೆಯಿರಿ.